ಖಾನಾಪುರದ ಅಡುಗೆಮನೆಯಲ್ಲಿ ನಡೆದ ಪರೀಕ್ಷೆ

೧೯೮೪ರಲ್ಲಿ ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಕಾಯಿಲೆಯಿಂದ ಎದ್ದವರಿಗೆ ಉಡುವುದು, ಉಣ್ಣುವುದು, ಅಡುಗೆ ಮಾಡುವುದನ್ನೆಲ್ಲ ಮತ್ತೆ ರೂಢಿ ಮಾಡಿಸುವ ಕೆಲಸ. ವಯಸ್ಸಾದವರನ್ನು ಮನೆಗೆ ಕಳಿಸುವ ಮೊದಲು ಆಸ್ಪತ್ರೆಯ ಅಡುಗೆಕೋಣೆಯಲ್ಲಿ ಒಂದು ಪರೀಕ್ಷೆ ಇರುತ್ತಿತ್ತು. ವಿದೇಶದಲ್ಲಿ ತಯಾರಾದ ಪರೀಕ್ಷೆ. ಬ್ರೆಡ್ಡಿಗೆ ಬೆಣ್ಣೆ ಸವರದಿದ್ದರೆ ನಮ್ಮ ಅಜ್ಜಿಯರೆಲ್ಲ ನಪಾಸು! ನಾನು ಜಗಳಾಡಿ ಬ್ರೆಡ್ಡನ್ನು ತೆಗೆಸಿದ್ದೆ, ಚಹಾ ಮಾಡಿ ತೋರಿಸುವುದು ಉಳಿದಿತ್ತು.

ಆ ವರ್ಷ ಖಾನಾಪುರದ ಚಂಪಾಬಾಯಿ ಬಂದರು. ಎಪ್ಪತ್ತರ ಹತ್ತಿರದ ಜೈನ ವಿಧವೆ. ಪಾರ್ಶ್ವವಾಯುವಿನಿಂದ ಬಲಗೈ ಸೋತಿತ್ತು. ಕಣ್ಣು ಮಂದವಾದ ತಂಗಿ ರತ್ನಾಬಾಯಿಯೊಂದಿಗೆ ಸಂಸಾರ. ಅಕ್ಕ ಅಡುಗೆ ಮಾಡಲಾರಳೆಂದು ನಾವು ಬರೆದುಕೊಟ್ಟರೆ ಒಬ್ಬರನ್ನು ಸಾಂಗಲಿಗೆ, ಇನ್ನೊಬ್ಬರನ್ನು ಹುಬ್ಬಳ್ಳಿಗೆ ಕಳಿಸುವುದೆಂದು ಬಂಧುಗಳು ತೀರ್ಮಾನಿಸಿಯಾಗಿತ್ತು.

ಚಹಾ ಮಾಡಲು ಸ್ಟೋವು, ಪಾತೇಲಿ, ಹಾಲು, ಸಕ್ಕರೆ ಎಲ್ಲ ಇಟ್ಟೆವು. ಚಂಪಾಬಾಯಿ ನಲ್ಲಿಯನ್ನು ದಿಟ್ಟಿಸಿದರು, ಕಪಾಟು ತೆರೆದರು, ಕಿಟಕಿಯ ಪರದೆ ಮುಟ್ಟಿ ನೋಡಿ ಬಿಟ್ಟರು. ಕೊನೆಗೆ ಸುಮ್ಮನೆ ಕುಳಿತರು.

"ತಲಿ ಗೊಂದಲ ಆಗೇತಿ. ಒಲಿ ಮುಂದ ಬಿಡೂದು ಅಪಾಯ," ಎಂದರು ನಮ್ಮ ಡಾಕ್ಟರು.

ನನಗೆ ಮನಸ್ಸು ಒಪ್ಪಲಿಲ್ಲ. ವಡಗಾವಿಯ ನಮ್ಮ ಓಣಿಯಲ್ಲಿ ಜೈನರ ಮನೆಗಳ ನಲ್ಲಿಗೆ ಬಿಳಿ ಬಟ್ಟೆ ಕಟ್ಟಿರುತ್ತಾರೆ. ನೀರಿನಲ್ಲಿರುವ ಸಣ್ಣ ಜೀವ ಸಾಯಬಾರದೆಂದು ಸೋಸದ ನೀರನ್ನು ಅವರು ಬಳಸುವುದಿಲ್ಲ.

"ಬಟ್ಟಿ ಹುಡುಕಾಕತ್ತಿದ್ರೇನ್ರಿ?" ಎಂದು ಕೇಳಿದೆ.

"ಹೌದವ್ವಾ. ಮಂದಿ ಜಾಗಾದಾಗ ಅದು ಕೊಡ್ರಿ, ಇದು ಕೊಡ್ರಿ ಅಂತ ಹ್ಯಾಂಗ ಕೇಳೂದು?" ಎಂದರು ಚಂಪಾಬಾಯಿ.

ಬಟ್ಟೆ ಕೊಟ್ಟರೆ ಸಹಾಯ ಮಾಡಿದಂತಾಗುತ್ತದೆ, ಪರೀಕ್ಷೆಯಲ್ಲಿ ಅದು ಸಲ್ಲದು ಎಂದು ಡಾಕ್ಟರು ಹಟ ಹಿಡಿದರು. ಹಟದಲ್ಲಿ ನಾನೇನು ಕಡಿಮೆಯೇ?

"ಪಾತೇಲಿ ಕೊಟ್ಟದ್ದು ಸಹಾಯ ಅಲ್ಲಂದ್ರ ಬಟ್ಟೀನೂ ಅಲ್ರಿ, ಸರ. ಅವರ ಮನ್ಯಾಗ ನೋಡೂಣು ಬರ್ರಿ."

ಡಾಕ್ಟರು ನಕ್ಕರು. ಆ ವಾರವೇ ಚಂಪಾಬಾಯಿಯನ್ನು ಕರೆದುಕೊಂಡು ನನ್ನೊಂದಿಗೆ ಖಾನಾಪುರಕ್ಕೆ ಬಂದರು.

ಹಿತ್ತಲ ಬಾವಿಯಿಂದ ರತ್ನಾಬಾಯಿ ನೀರು ಸೇದಿದರು. ಚಂಪಾಬಾಯಿ ಎಡಗೈಯಿಂದ ಬಟ್ಟೆ ಮಡಚಿ ಕೊಡದ ಬಾಯಿಗೆ ಹಾಸಿ, ಬಲ ಮೊಣಕೈಯಿಂದ ಒತ್ತಿ ಹಿಡಿದು ಸೋಸಿದರು. ಸೋಸಿದ ನೀರಿನಲ್ಲೇ ಬಟ್ಟೆ ಜಾಲಿಸಿ, ಬಟ್ಟೆಗೆ ಅಂಟಿದ ಜೀವಗಳು ಬದುಕಲೆಂದು ಆ ನೀರನ್ನು ಮೆಲ್ಲಗೆ ಬಾವಿಗೇ ಇಳಿಸಿದರು. ಆಮೇಲೆ ಒಲೆ ಹೊತ್ತಿಸಿ ಚಹಾ ಕಾಸಿದರು, ಯಾರೂ ಹೇಳದಿದ್ದರೂ ಉಪ್ಪಿಟ್ಟು ಮಾಡಿದರು. ಎಲ್ಲಿಯೂ ಕ್ರಮ ತಪ್ಪಲಿಲ್ಲ. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ.

ಡಾಕ್ಟರು ಇನ್ನೂ ಪ್ರಶ್ನೆ ಕೇಳುತ್ತಿದ್ದರು. ಚಂಪಾಬಾಯಿ ತಾಟು ಮುಂದೆ ಸರಿಸಿದರು.

"ಹೊತ್ತು ಮುಣಗಾಕ ಬಂತು. ಮಾತು ಸಾಕ್ರಿ, ಮೊದ್ಲ ತಿನ್ರಿ."

ಸೂರ್ಯ ಮುಳುಗಿದ ಮೇಲೆ ಆ ಜೈನರ ಮನೆಯಲ್ಲಿ ಯಾರೂ ತಿನ್ನುವಂತಿರಲಿಲ್ಲ. ಡಾಕ್ಟರು ತೆಪ್ಪಗೆ ತಿಂದರು. ಬಾಗಿಲಲ್ಲಿ ನಿಂತಿದ್ದ ರತ್ನಾಬಾಯಿ ಅಂಜುತ್ತಲೇ ಕೇಳಿದರು: "ಅಕ್ಕನ್ನ ಕಳಸೂದು ಬ್ಯಾಡಲ್ರಿ?"

"ಯಾರನ್ನೂ ಬ್ಯಾಡ್ರಿ. ಇಬ್ರೂ ಇಲ್ಲೇ ಇರ್ರಿ. ಹಂಗಂತ ನಾನ ಬರದು ಕೊಡ್ತೇನಿ," ಎಂದರು ಡಾಕ್ಟರು.

ರತ್ನಾಬಾಯಿ ಗಳಗಳ ಅತ್ತರು. ನಾನೂ ಅತ್ತೆ.

ಮಾಡಬಲ್ಲರೇ ಎಂದು ಅಳೆಯುವ ಮೊದಲು, ಮನೆಯಲ್ಲಿ ಹೇಗೆ ಮಾಡುತ್ತಾರೆಂದು ತಿಳಿದಿರಬೇಕು. ವೃತ್ತಿ ನನಗೆ ಕಲಿಸಿದ್ದು ಇದನ್ನೇ. ಮರುದಿನದಿಂದ ನಮ್ಮ ಪರೀಕ್ಷೆ "ಮನ್ಯಾಗ ಹ್ಯಾಂಗ ಮಾಡ್ತೀರಿ?" ಎಂಬ ಪ್ರಶ್ನೆಯಿಂದಲೇ ಶುರುವಾಯಿತು. ಮೊದಲು ಕೇಳಿದವರು ಡಾಕ್ಟರೇ.