ತಿಪ್ಪವ್ವನ ಎಂಟು ಪುಟ

ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಉಳವಪ್ಪನ ಪ್ರಿಂಟಿಂಗ್ ಪ್ರೆಸ್ಸು ಇದೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಫ್ಲೆಕ್ಸು ಎಲ್ಲವೂ ಅಲ್ಲಿ ಆಗುತ್ತವೆ. ಆದರೆ ಸುತ್ತಿನ ಹಳ್ಳಿಗಳಲ್ಲಿ ಅವನ ಹೆಸರು ಓಡಾಡುತ್ತಿದ್ದುದು ಅಚ್ಚಿಗಿಂತ ಹೆಚ್ಚಾಗಿ ಅವನ ಬರವಣಿಗೆಯಿಂದ. ನಿವೃತ್ತರಾಗುವ ಮಾಸ್ತರರಿಗೆ ಮಾನಪತ್ರ ಬೇಕೆ, ತೀರಿಕೊಂಡ ಹಿರಿಯರಿಗೆ ಶ್ರದ್ಧಾಂಜಲಿ ಬೇಕೆ, ಬಂದವರು ಹೆಸರು, ಊರು, ತಾರೀಖು ಹೇಳಿ ಚಹಾ ಕುಡಿದು ಬರುವಷ್ಟರಲ್ಲಿ ಉಳವಪ್ಪ ಬರೆದು ಮುಗಿಸಿರುತ್ತಿದ್ದ. ‘ಸಹನೆಯ ಶಿಖರ’, ‘ಮಮತೆಯ ಕಡಲು’, ‘ನಿಸ್ವಾರ್ಥ ಸೇವೆಯ ಸಾಕಾರಮೂರ್ತಿ’ ಇವೆಲ್ಲ ಇಪ್ಪತ್ತಾರು ವರ್ಷಗಳಲ್ಲಿ ಅವನಿಗೆ ಉಸಿರಾಟದಷ್ಟೇ ರೂಢಿಯಾಗಿದ್ದವು. ಓದಿದವರು ಕಣ್ಣೊರೆಸಿಕೊಂಡು ಹೋಗುತ್ತಿದ್ದುದನ್ನು ಅವನು ಎಷ್ಟೋ ಸಲ ನೋಡಿದ್ದ. ತನಗೆ ಬರೆಯಲು ಬರುತ್ತದೆ ಎಂಬುದರಲ್ಲಿ ಅವನಿಗೆ ಯಾವ ಸಂಶಯವೂ ಇರಲಿಲ್ಲ.

ಅವನ ತಾಯಿ ತಿಪ್ಪವ್ವ ಹೋದ ವರ್ಷ ಏಪ್ರಿಲ್ ಕೊನೆಗೆ ತೀರಿಕೊಂಡಳು. ಎಂಬತ್ತೊಂದು ವರ್ಷ. ವರ್ಷದ ಶಿವಗಣಾರಾಧನೆಗೆ ಬಂದವರಿಗೆ ಹಂಚಲು ಒಂದು ಸಣ್ಣ ಪುಸ್ತಿಕೆ ಮಾಡೋಣ ಎಂದವಳು ರಟ್ಟೀಹಳ್ಳಿಗೆ ಕೊಟ್ಟ ತಂಗಿ ನಾಗವ್ವ. ಉಳವಪ್ಪ ಅರ್ಧ ತಾಸಿನಲ್ಲಿ ಬರೆದ. ಜನವರಿಯಲ್ಲಿ ಅವಳು ತವರಿಗೆ ಬಂದಾಗ ಪಡಸಾಲೆಯಲ್ಲಿ ಕೂರಿಸಿಕೊಂಡು, ಸಭೆಯಲ್ಲಿ ಓದುವ ಧಾಟಿಯಲ್ಲಿ ಓದಿದ. ನಾಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಅಣ್ಣಾ, ಸಿಟ್ಟಿಗೇಳಬ್ಯಾಡ. ಇದು ಯಾರ ಅವ್ವಂದು?”

“ನಮ್ಮವ್ವಂದ. ಮತ್ಯಾರದು?”

“ನಮ್ಮ ಓಣ್ಯಾಗ ಚಂದ್ರಪ್ಪ ಅಂತ ಅದಾನಲ್ಲ, ಅವರವ್ವ ಸತ್ತಾಗ ನೀನ ಕಾರ್ಡು ಹಾಕಿ ಕೊಟ್ಟಿದ್ದಿ. ಆಕೀನೂ ಮಮತೆಯ ಕಡಲ, ನಮ್ಮವ್ವನೂ ಮಮತೆಯ ಕಡಲ. ಇದರಾಗ ನಮ್ಮವ್ವ ಎಲ್ಲಿ ಅದಾಳೋ?”

ಉಳವಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. ಎಂಟು ದಿನ ತಂಗಿಯ ಫೋನು ಎತ್ತಲಿಲ್ಲ. ಆಮೇಲೆ ಛಲದಿಂದ ಮತ್ತೆ ಬರೆಯಲು ಕೂತ. ಕಡಲನ್ನು ತೆಗೆದರೆ ಸಾಗರ ಬಂತು. ಸಾಗರ ತೆಗೆದರೆ ಹಾಳೆ ಖಾಲಿ. ಕಂಡವರ ತಾಯಂದಿರ ಬಗ್ಗೆ ಪುಟಗಟ್ಟಲೆ ಬರೆದವನಿಗೆ ಐವತ್ತೆರಡು ವರ್ಷ ಒಂದೇ ಸೂರಿನಡಿ ಬದುಕಿದ ಅವ್ವನ ಬಗ್ಗೆ ನಾಲ್ಕು ಸಾಲು ಹೊಳೆಯಲಿಲ್ಲ. ಆಗ ಅವನಿಗೆ ನೆನಪಾದದ್ದು ಸುಧಾರಾಣಿ ಅಕ್ಕೋರು.

ಸುಧಾರಾಣಿ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಹಾನಗಲ್ಲಿನಲ್ಲಿದ್ದಾಗ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಉಳವಪ್ಪನ ಪ್ರೆಸ್ಸಿಗೇ ಬರುತ್ತಿದ್ದರು. ಒಂದು ಒತ್ತಕ್ಷರ ತಪ್ಪಿದರೂ ಇಡೀ ಪ್ರೂಫನ್ನು ಮತ್ತೆ ತೆಗೆಸುತ್ತಿದ್ದರು. ಈಗ ಸವಣೂರಿನಲ್ಲಿ ನೆಲೆಸಿ, ಪ್ರತಿ ಭಾನುವಾರ ಹತ್ತು ಗಂಟೆಗೆ ಬರೆಯುವ ಆಸೆ ಇರುವ ಐದಾರು ಜನರನ್ನು ಮನೆಯಲ್ಲಿ ಕೂರಿಸಿಕೊಳ್ಳುತ್ತಾರೆ ಎಂದು ಅವನು ಕೇಳಿದ್ದ. ಫೆಬ್ರವರಿಯ ಒಂದು ಭಾನುವಾರ ಬಂಕಾಪುರದ ಬಸ್ಸು ಹಿಡಿದು, ಅಲ್ಲಿಂದ ಸವಣೂರಿಗೆ ಹೋಗಿ ಅವರ ಬಾಗಿಲಲ್ಲಿ ನಿಂತ.

“ನೀವ ಬರವಣಿಗಿ ಕಲಿಯಾಕ ಬಂದೀರಿ?” ಎಂದು ಅಕ್ಕೋರು ಕನ್ನಡಕ ಸರಿಮಾಡಿಕೊಂಡರು. “ಬರ್ರಿ, ಕುಂತ್ರಿ.”

ಆ ದಿನ ಓದಿದವನು ವೀಳ್ಯದ ಎಲೆಬಳ್ಳಿ ತೋಟದ ಮಕ್ತುಮಸಾಬ. ಅರವತ್ತರ ಆಸುಪಾಸು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ನೋಟ್‌ಬುಕ್ಕನ್ನು ಕಣ್ಣಿನಿಂದ ದೂರ ಹಿಡಿದು ಓದಿದ: “ಬೆಳಿಗ್ಗೆ ತೋಟಕ್ಕೆ ಹೋದೆ. ಎಲೆಯ ಬೆನ್ನಿನ ಮೇಲೆ ಕರಿ ಚುಕ್ಕೆ ಇತ್ತು. ಬೆರಳಿನಿಂದ ಒರೆಸಿದೆ. ಹೋಗಲಿಲ್ಲ. ಇನ್ನೊಂದು ಎಲೆ ತಿರುವಿ ನೋಡಲು ಧೈರ್ಯ ಆಗಲಿಲ್ಲ.”

ಅಷ್ಟೇ. ಅದರಲ್ಲಿ ಒಂದು ಅಲಂಕಾರವಿಲ್ಲ, ಒಂದು ದೊಡ್ಡ ಮಾತಿಲ್ಲ. ಆದರೂ ಇಂಥ ಸಾಲು ತನ್ನ ಇಪ್ಪತ್ತಾರು ವರ್ಷಗಳಲ್ಲಿ ಒಂದೂ ಬಂದಿಲ್ಲ ಎಂಬುದು ಉಳವಪ್ಪನಿಗೆ ಅಲ್ಲೇ ತಿಳಿಯಿತು. ಹೊಟ್ಟೆಕಿಚ್ಚೂ ಆಯಿತು.

ಅಕ್ಕೋರು ಅವನಿಗೆ ಕೊಟ್ಟ ಮೊದಲ ಕೆಲಸ ತಾಯಿಯ ಕೈ. ಐದು ಸಾಲು, ಪ್ರೀತಿ ಎಂಬ ಶಬ್ದ ಬರಕೂಡದು. ಅವನು ‘ದುಡಿದು ಸುಕ್ಕುಗಟ್ಟಿದ ಕೈಗಳು’ ಎಂದು ಶುರುಮಾಡಿದ.

“ಎಲ್ಲಾ ಮುದುಕೇರ ಕೈಯೂ ಸುಕ್ಕ ಇರ್ತಾವ್ರಿ,” ಎಂದರು ಅಕ್ಕೋರು. “ಇದು ಫ್ಲೆಕ್ಸಿನ ಮಾತು. ನಿಮ್ಮವ್ವನ ಕೈ ಏನು ಮಾಡತಿದ್ವು?”

ಉಳವಪ್ಪ ಪೆನ್ನು ಕೆಳಗಿಟ್ಟ. ಆಮೇಲೆ ನಾಚುತ್ತ ಹೇಳಿದ: “ಚೂಟತಿದ್ವು ನೋಡ್ರಿ ಅಕ್ಕೋರ.”

ನಿಜವಾಗಿಯೂ ತಿಪ್ಪವ್ವ ಚಿವುಟುತ್ತಿದ್ದಳು. ಮದುವೆ ಮನೆಯಲ್ಲಿ ಯಾರಾದರೂ ಆಡಬಾರದ ಮಾತಾಡಿದರೆ, ಮಗ ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡರೆ, ಮೊಮ್ಮಗಳು ಹಿರಿಯರೆದುರು ಕಾಲು ಚಾಚಿದರೆ, ಮೊಣಕೈಯ ಮೇಲಿನ ಮೆತ್ತನೆಯ ಜಾಗಕ್ಕೇ ಕೈ ಹಾಕಿ, ಮುಖದ ಮೇಲೆ ನಗು ಇಟ್ಟುಕೊಂಡೇ ಚಿವುಟುತ್ತಿದ್ದಳು. ಹೊರಗಿನವರಿಗೆ ಮುದುಕಿ ಮುದ್ದು ಮಾಡುತ್ತಿದ್ದಾಳೆ ಎನಿಸಬೇಕು. ಉಳವಪ್ಪ ಇದನ್ನು ಬರೆದು ಓದಿದಾಗ ಮಕ್ತುಮಸಾಬ ತೊಡೆ ತಟ್ಟಿಕೊಂಡು ನಕ್ಕ. ಅಕ್ಕೋರೂ ನಕ್ಕರು. “ಈಗ ಆಕೀ ಒಳಗ ಬಂದ್ಲು ನೋಡ್ರಿ,” ಎಂದರು.

ಅಲ್ಲಿಂದ ಪ್ರತಿ ಭಾನುವಾರ ಹೋಗತೊಡಗಿದ. ಅವ್ವನ ಬಾಯಲ್ಲಿ “ಮಗನೇ, ಊಟ ಮಾಡಿದೆಯಾ?” ಎಂದು ಬರೆದುಕೊಂಡು ಹೋದರೆ, ಹಾನಗಲ್ಲಿನ ಯಾವ ತಾಯಿ ಹೀಗೆ ಮಾತಾಡುತ್ತಾಳೆ ಎಂದು ಅಕ್ಕೋರು ಕೇಳಿದರು. ಅವನು ಹೊಡೆದುಹಾಕಿ, “ಉಂಡೀಯೋ ಇಲ್ಲೋ? ಮಾರಿ ನೋಡಿದ್ರ ಮೂರು ದಿನ ಉಪವಾಸ ಬಿದ್ದಂಗ ಕಾಣತೈತಿ” ಎಂದು ಬರೆದ. ಬರೆಯುವಾಗ ಅಡುಗೆಮನೆಯಿಂದ ಆ ದನಿ ಕೇಳಿಸಿದ ಹಾಗಾಗಿ ತಿರುಗಿ ನೋಡಿದ. ‘ಸಿಟ್ಟಾಗುತ್ತಿದ್ದಳು’ ಎಂದು ಬರೆದರೆ ಅಕ್ಕೋರು ಅದರ ಕೆಳಗೆ ಗೆರೆ ಎಳೆದರು. ಸಿಟ್ಟು ಬಂದಾಗ ಏನು ಮಾಡುತ್ತಿದ್ದಳು ಅದನ್ನು ಬರೀರಿ, ಸಿಟ್ಟು ಓದುವವರಿಗೇ ತಿಳಿಯುತ್ತದೆ ಎಂದರು. ಉಳವಪ್ಪ ಯೋಚಿಸಿದ. ಸಿಟ್ಟು ಬಂದರೆ ಅವ್ವ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಇಳಿಸಿಕೊಂಡು ತೊಳೆಯುತ್ತಿದ್ದಳು.

ಐದನೆಯ ಭಾನುವಾರ ಅಕ್ಕೋರು ಅವನ ಹಾಳೆಗಳನ್ನೆಲ್ಲ ಜೋಡಿಸಿ ಓದಿ, ಕೆಳಗಿಟ್ಟರು.

“ಎಲ್ಲಾ ಚೊಲೋ ಬಂದೈತಿ. ಆದ್ರ ಹ್ವಾದ ವರ್ಷದ ಶಿವರಾತ್ರಿಗೆ ಬಂದು ನಿಂತುಬಿಡ್ತೀರಿ. ಅಲ್ಲಿಂದ ಮುಂದ ಏನಾತು?”

“ಏನಿಲ್ರಿ. ತೀರಿಕೊಂಡ್ಲು.”

“ಅದನ್ನ ಕಾರ್ಡಿನ್ಯಾಗ ಹಾಕೀರಿ. ಬಿಟ್ಟದ್ದು ಏನೈತಿ, ಅದನ್ನ ಬರಕೊಂಡು ಬರ್ರಿ.”

ಮುಂದಿನ ಎರಡು ಭಾನುವಾರ ಉಳವಪ್ಪ ಸವಣೂರಿಗೆ ಹೋಗಲಿಲ್ಲ. ಹೆಂಡತಿ ಶೈಲಾ ಕೇಳಿದರೆ ಪ್ರೆಸ್ಸಿನಲ್ಲಿ ಕೆಲಸ ಎಂದ. ಮೂರನೆಯ ವಾರ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಷಿನ್ನು ನಿಂತಿತು. ಬೇರೆ ನೆವ ಉಳಿಯಲಿಲ್ಲ. ಕತ್ತರಿಸಿ ಉಳಿದ ಕಾಗದದ ತುಂಡುಗಳ ಮೇಲೆ ಅವನು ಬರೆಯತೊಡಗಿದ.

ಅವನು ಬರೆದದ್ದು ಇಷ್ಟು. ನಾಗವ್ವ ಹೊಸ ಮನೆ ಕಟ್ಟಿಸಿದ್ದಳು. ಅದನ್ನು ನೋಡಬೇಕು, ಕರೆದುಕೊಂಡು ಹೋಗು ಎಂದು ತಿಪ್ಪವ್ವ ಹಟ ಹಿಡಿದಳು. ಲಗ್ನದ ಸೀಸನ್ನು. ಪ್ರೆಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಪತ್ರಿಕೆ. ಮುದುಕಿ ಬಟ್ಟೆಗಂಟು ಕಟ್ಟಿಕೊಂಡು ಮೂರು ದಿನ ಕಟ್ಟೆಯ ಮೇಲೆ ಕೂತಳು. ಮೂರನೆಯ ದಿನ ಬೆಳಿಗ್ಗೆ ಉಳವಪ್ಪ ಚಪ್ಪಲಿ ಮೆಟ್ಟುತ್ತ, “ಸಾಯೂ ವಯಸ್ಸಿನ್ಯಾಗ ಈ ತಿರುಗಾಡೂ ಹುಚ್ಚು ಯಾಕ ನಿನಗ?” ಎಂದು ಒದರಿದ. ಅವಳು ಒಳಗೆ ಹೋಗಿ ಗಂಟು ಬಿಚ್ಚಿದಳು. ಅದಾಗಿ ಹನ್ನೊಂದನೆಯ ದಿನ ಉಂಡು ಮಲಗಿದವಳು ಏಳಲಿಲ್ಲ. ನಾಗವ್ವನಿಗೆ ಅವನು ಹೇಳಿದ್ದು, ಡಾಕ್ಟರು ಪ್ರಯಾಣ ಬೇಡ ಎಂದಿದ್ದರು ಅಂತ. ಆ ಸುಳ್ಳನ್ನು ಹನ್ನೊಂದು ತಿಂಗಳು ಹೊತ್ತುಕೊಂಡು ಓಡಾಡಿದ್ದ.

ಆ ಭಾನುವಾರ ಎಲ್ಲರೂ ಹೋಗುವವರೆಗೂ ಕಾದು ಹಾಳೆ ಕೊಟ್ಟ. ಅಕ್ಕೋರು ಎರಡು ಸಲ ಓದಿದರು. ಸಮಾಧಾನದ ಮಾತು ಬರುತ್ತದೆ ಎಂದುಕೊಂಡಿದ್ದ. ಅವರು ಕೇಳಿದ್ದು ಬೇರೆ.

“ಗಂಟು ಬಿಚ್ಚಿದಳು ಅಂತ ಬರದೀರಿ. ಅದರಾಗ ಏನೇನಿತ್ತು?”

ಉಳವಪ್ಪನಿಗೆ ಒಳಗೊಳಗೇ ಸಿಟ್ಟು ಬಂತು. ಕರುಳು ಬಿಚ್ಚಿಟ್ಟರೆ ಈಕೆ ಬಟ್ಟೆಗಂಟು ಕೇಳುತ್ತಾಳಲ್ಲ. “ಗೊತ್ತಿಲ್ರಿ,” ಎಂದ.

“ಬಿಚ್ಚಿದ್ದನ್ನ ನೋಡಿದ್ರೇನು?”

“ಇಲ್ರಿ. ನಾ ಪ್ರೆಸ್ಸಿಗೆ ಹ್ವಾದೆ.”

“ಹಂಗಾರ ನೋಡಿದವರನ್ನ ಕೇಳ್ರಿ. ಕತಿ ಬರಿಯೂ ಮುಂದ ಕಲ್ಪನಾ ಮಾಡೂದು ಇದ್ದ ಐತಿ. ಅವ್ವನ್ನ ಮಾತ್ರ ಕಲ್ಪನಾ ಮಾಡಬ್ಯಾಡ್ರಿ.”

ಮನೆಗೆ ಬಂದು ಶೈಲಾಳನ್ನು ಕೇಳಿದ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಆ ಗಂಟು ಅತ್ತಿ ಬಿಚ್ಚಲ ಇಲ್ಲ.”

“ಮತ್ತ? ಎಲ್ಲೈತಿ ಅದು?”

“ನಾಗವ್ವನ ಹತ್ರ ಐತಿ. ಆಕೀನ್ನ ಕೇಳ್ರಿ. ನಾ ಹೇಳಂಗಿಲ್ಲ, ಅತ್ತಿಗೆ ಮಾತು ಕೊಟ್ಟೇನಿ.”

ಮರುದಿನ ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆರೆಯದೆ ಉಳವಪ್ಪ ಬಸ್ಸು ಹತ್ತಿದ. ಹಿರೇಕೆರೂರಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಕೈಯಲ್ಲಿದ್ದ ಹಾಳೆಗಳು ಬೆವರಿಗೆ ಮೆತ್ತಗಾಗಿದ್ದವು. ನಾಗವ್ವ ಹೊಸ ಮನೆಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಒಲೆ ಆರಿಸಿ ಕೂತು ಕೇಳು ಎಂದ. ಚಿವುಟುವ ಭಾಗಕ್ಕೆ ಅವಳು ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವನು ನಿಲ್ಲಿಸದೆ ಮುಂದೆ ಓದಿದ. ಕಟ್ಟೆ, ಗಂಟು, ತಾನಾಡಿದ ಮಾತು, ಎಲ್ಲ. ಓದಿ ಮುಗಿಸಿ ತಲೆ ಎತ್ತಲಿಲ್ಲ.

“ಡಾಕ್ಟರ್ ಬ್ಯಾಡಂದಿದ್ರು ಅಂದದ್ದು ಸುಳ್ಳು, ನಾಗವ್ವ.”

“ಗೊತ್ತೈತಿ.”

“ಗೊತ್ತೈತಿ ಅಂದ್ರ?”

ನಾಗವ್ವ ಕೈ ತೊಳೆದುಕೊಂಡು ಬಂದು ಹೇಳಿದಳು. ಬೈಸಿಕೊಂಡ ದಿನವೇ ಅವ್ವ ಶೈಲಾಳ ಫೋನಿನಿಂದ ಅವಳಿಗೆ ಫೋನು ಮಾಡಿಸಿದ್ದಳು. “ನಾ ಬರಂಗಿಲ್ಲ, ನೀನ ಬಾ” ಎಂದಿದ್ದಳು. ಎರಡು ದಿನ ಬಿಟ್ಟು ಉಳವಪ್ಪ ಕಾಗದ ತರಲು ಹುಬ್ಬಳ್ಳಿಗೆ ಹೋದಾಗ ನಾಗವ್ವ ಮುಂಜಾನೆಯ ಬಸ್ಸಿಗೆ ಹಾನಗಲ್ಲಿಗೆ ಬಂದಿದ್ದಳು. ಇಡೀ ಹಗಲು ಮೂವರೂ ಕೂಡಿ ಮಂಡಕ್ಕಿ ಮಿರ್ಚಿ ತಿಂದು ಮಾತಾಡಿದ್ದರು. ನಾಗವ್ವನ ಗಂಡ ರಟ್ಟೀಹಳ್ಳಿಯಿಂದ ವಿಡಿಯೊ ಕಾಲ್ ಮಾಡಿ, ಫೋನು ಹಿಡಿದುಕೊಂಡೇ ಒಂದೊಂದು ಖೋಲಿಯಲ್ಲೂ ಅಡ್ಡಾಡಿ ಹೊಸ ಮನೆ ತೋರಿಸಿದ್ದ.

“ದೇವರ ಜಗಲಿ ಬಾಗಲದ ಎದುರಿಗಿ ಮಾಡೀರಿ, ಬುದ್ಧಿ ಇಲ್ಲೇನು ಅಂತ ಅವರಿಗಿ ಬೈದ್ಲು. ಆಮ್ಯಾಲೆ ನಾವು ಈ ಕಡೆ ಸರಿಸಿದ್ವಿ. ನೋಡಲ್ಲಿ.”

ಉಳವಪ್ಪ ನೋಡಿದ. ಹಳೆಯ ಜಾಗದಲ್ಲಿ ಗೋಡೆಗೆ ಹೊಸ ಸಿಮೆಂಟು ಗಿಲಾವಿನ ಗುರುತು ಇನ್ನೂ ಇತ್ತು.

“ಸಿಟ್ಟಾಗಿದ್ಲೇನು ನನ್ನ ಮ್ಯಾಲೆ?”

“ಆಗಿದ್ಲು. ಅವತ್ತು ತೊಳದ ಪಾತ್ರೀನ ಮತ್ತ ತೊಳದ್ಲಂತ, ಶೈಲಾ ವೈನಿ ಹೇಳಿದ್ಲು. ಆದ್ರ ನಾ ಬರೂದ್ರೊಳಗ ಎಲ್ಲಾ ಮುಗದಿತ್ತು. ‘ನಾ ಹೇಳಿ ಕಳಿಸಿದ್ದು ಅಂವಗ ತಿಳಿಸಬ್ಯಾಡ್ರಿ, ಅದನ್ನ ತಲ್ಯಾಗ ಇಟಗೊಂಡು ಮದುಮಗಳ ಜಾಗಾಕ್ಕ ಮದುಮಗನ ಅಪ್ಪನ ಹೆಸರು ಅಚ್ಚು ಹಾಕ್ಯಾನು’ ಅಂತ ನಕ್ಕಳು.”

“ಆಮ್ಯಾಲಾದ್ರೂ ಯಾಕ ಹೇಳಲಿಲ್ಲ?”

“ನೀ ಡಾಕ್ಟರ್ ಅಂದಿ. ಆಗ ನಾ ಹೇಳಿದ್ರ ನಿನ್ನ ಸುಳ್ಳ ಎತ್ತಿ ಆಡಿದಂಗ ಆಗತಿತ್ತು. ನೀನ ಹೇಳ್ತಿ ಅಂತ ಕಾಯ್ದೆ.”

ಅವತ್ತು ಅವ್ವ ಕೊಟ್ಟು ಕಳಿಸಿದ್ದ ಗಂಟನ್ನು ಅವಳು ಒಳಗಿನಿಂದ ತಂದು ಬಿಚ್ಚಿದಳು. ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿ, ಗುರೆಳ್ಳು ಚಟ್ನಿ ತುಂಬಿ ಕೊಟ್ಟಿದ್ದ, ಈಗ ಖಾಲಿಯಾದ ಡಬ್ಬಿ, ಮೊಣಕಾಲಿಗೆ ಹಚ್ಚುವ ಎಣ್ಣೆಯ ಸೀಸೆ. ಸೀಸೆಯಲ್ಲಿ ಅರ್ಧ ಎಣ್ಣೆ ಉಳಿದಿತ್ತು. ನನ್ನ ಮೊಣಕಾಲಿಗಿಂತ ನಿನ್ನವೇ ಹೆಚ್ಚು ನೋಯುತ್ತವೆ ಎಂದು ಅವ್ವ ಅದನ್ನೂ ಕೊಟ್ಟಳಂತೆ. ಉಳವಪ್ಪ ಮುಚ್ಚಳ ತೆಗೆದು ಮೂಸಿದ. ಆಗ ಅಳು ಬಂತು. ಹನ್ನೊಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಗಿ, ಅಳುವಾಗಲೇ ಉಸಿರು ಸರಾಗವಾಗಿ ಓಡಾಡುತ್ತಿರುವುದು ಅವನ ಗಮನಕ್ಕೆ ಬಂತು. ನಾಗವ್ವ ಮತ್ತೆ ಒಲೆ ಹಚ್ಚಿದಳು. ಅವನು ನಾಲ್ಕು ರೊಟ್ಟಿ ಉಂಡ. ವಾಪಸು ಬಸ್ಸಿನಲ್ಲಿ ಎಂಥ ನಿದ್ದೆ ಬಂತೆಂದರೆ ಹಾನಗಲ್ಲಿನಲ್ಲಿ ಕಂಡಕ್ಟರೇ ಭುಜ ಅಲುಗಿಸಿ ಎಬ್ಬಿಸಬೇಕಾಯಿತು.

ಪುಸ್ತಿಕೆ ಎಂಟು ಪುಟ ಆಯಿತು. ತಾನು ಒದರಿದ ಮಾತನ್ನು ಅವನು ತೆಗೆಯಲಿಲ್ಲ. ವಿಡಿಯೊ ಕಾಲನ್ನೂ, ಜಗಲಿ ಸರಿಸಿದ್ದನ್ನೂ, ಎಣ್ಣೆಯ ಸೀಸೆಯನ್ನೂ ಸೇರಿಸಿದ. ಆರಾಧನೆಯ ದಿನ ಊಟಕ್ಕೆ ಮುಂಚೆ ಓದಿದಾಗ ಸಭೆಯ ಧಾಟಿ ತಾನಾಗಿಯೇ ಬಿಟ್ಟುಹೋಗಿತ್ತು. ಚಿವುಟುವ ಭಾಗ ಬಂದಾಗ ಹಿಂದೆ ಕೂತ ನಾಲ್ಕಾರು ಹೆಂಗಸರು ತಮ್ಮ ತಮ್ಮ ತೋಳು ತಿಕ್ಕಿಕೊಳ್ಳುತ್ತ ನಗತೊಡಗಿದರು. ಮುದುಕಿಯೊಬ್ಬಳು “ನನಗೂ ಚೂಟ್ಯಾಳ, ನನ್ನ ಲಗ್ನದಾಗ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಒದರಿದ ಮಾತನ್ನೂ ಅವನು ಇದ್ದ ಹಾಗೆ ಓದಿದ. ಊಟದ ಪಂಕ್ತಿಯಲ್ಲಿ ಅದರ ಬಗ್ಗೆ ಯಾರೂ ಅವನನ್ನು ಕೆಣಕಲಿಲ್ಲ. ಒಬ್ಬ ಹಿರಿಯ ಮಾತ್ರ ಪಕ್ಕಕ್ಕೆ ಬಂದು, “ನಾನೂ ನಮ್ಮಪ್ಪಗ ಅಂದೇನಪಾ ಇಂಥಾವು,” ಎಂದು ಹೇಳಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೋದ.

ಪುಸ್ತಿಕೆ ಮುಗಿದ ಮೇಲೆ ಸವಣೂರಿಗೆ ಹೋಗುವ ಕಾರಣ ಇರಲಿಲ್ಲ. ಆದರೂ ಮುಂದಿನ ಭಾನುವಾರ ಉಳವಪ್ಪ ಹೋದ. ಅಕ್ಕೋರು ಎಂಟೂ ಪುಟ ತಿರುವಿ, ಐದನೆಯ ಪುಟದಲ್ಲಿ ಒಂದು ಒತ್ತಕ್ಷರದ ತಪ್ಪು ಹುಡುಕಿದರು. ಕೊನೆಯ ಸಾಲಿನಲ್ಲಿ ಅವನು ತಡೆದುಕೊಳ್ಳಲಾಗದೆ ‘ಅವ್ವ ಎಂದೆಂದಿಗೂ ಅಮರ’ ಎಂದು ಹಾಕಿದ್ದ. ಅದರ ಮೇಲೆ ಅವರು ಕೆಂಪು ಗೆರೆ ಎಳೆದರು.

“ಇನ್ನ ನಿಮಗ ಸೇರದವರ ಬಗ್ಗೆ ಒಂದು ಪುಟ ಬರೀರಿ,” ಎಂದರು. “ಬೈಗುಳ ಬ್ಯಾಡ. ಅವರು ಚಹಾ ಕುಡಿಯೂದು ಹೆಂಗ, ಅಷ್ಟ ಬರೀರಿ.”

ಉಳವಪ್ಪ ಮಕ್ತುಮಸಾಬನ ಪಕ್ಕ ಚಾಪೆಯ ಮೇಲೆ ಸರಿದು ಕೂತು, ಹುಬ್ಬಳ್ಳಿಯ ಕಾಗದದ ವ್ಯಾಪಾರಿಯನ್ನು ನೆನೆದು ಪೆನ್ನಿನ ಟೊಪ್ಪಿಗೆ ತೆಗೆದ.