ಕಪ್ಪಗಿದ್ದ ಕನ್ನಡಿ

ಇವತ್ತು ಬೆಳಿಗ್ಗೆ ಗೋಕಾಕದ ಒಂದು ಲ್ಯಾಪ್‌ಟಾಪ್ ಅಂಗಡಿಯಲ್ಲಿ ಟ್ರಕ್ ಓಡಿಸುವ ಆಟ ನೋಡಿದೆ. ಪರದೆಯ ಮೇಲೆ ರಸ್ತೆಯಿತ್ತು, ಗಿಡಗಳಿದ್ದವು, ಸ್ಟೇರಿಂಗ್ ತಿರುಗುತ್ತಿತ್ತು. ಬಾಗಿಲ ಬದಿಯ ಕನ್ನಡಿ ಮಾತ್ರ ತೊಳೆದಿಟ್ಟ ಹಂಚಿನ ಹಾಗೆ ಕಪ್ಪಗಿತ್ತು. ಅದನ್ನು ಕಂಡು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇದನ್ನೇ ಕೊಳ್ಳೋಣ ಎಂದು ಪಕ್ಕದ ಸ್ಟೂಲಿನ ಮೇಲಿದ್ದ ಮಾಮಾನ ಕಡೆ ತಿರುಗಿದೆ.

"ಇದಕ್ಕ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ರಿ ಸರ," ಎಂದರು ಅಂಗಡಿಯವರು. "ಅದಕ್ಕ ಕನ್ನಡಿ ಬಂದ್ ಮಾಡೇನಿ. ಈಗ ನೋಡ್ರಿ, ನೀರಿನಂಗ ಓಡತೈತಿ."

"ಕನ್ನಡಿ ಇಲ್ಲದ ಗಾಡಿ ನಾ ಹತ್ತಂಗಿಲ್ಲ," ಎಂದ ಮಾಮಾ.

"ಕಾಕಾ, ಇದು ಆಟರಿ. ಹಿಂದ ಯಾರೂ ಬರೂದಿಲ್ಲ."

"ನಿಮಗೇನ್ ಗೊತ್ರಿ, ಹಿಂದ ಯಾರ್ ಬರತಾರಂತ."

ಮಾಮಾ ನನ್ನ ತಾಯಿಯ ತಮ್ಮ, ಕಲ್ಲೋಳಿಯವನು. ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಈಗ ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುತ್ತಾನೆ. ಈಚೆಗೆ ಮೊಬೈಲಿನಲ್ಲಿ ಯಾರೋ ಈ ಆಟ ಆಡುವುದನ್ನು ನೋಡಿ, "ಇದರಾಗ ಡಿಕ್ಕಿ ಹೊಡದ್ರ ಯಾರಿಗೂ ಏನೂ ಆಗಂಗಿಲ್ಲ, ಹೌದಲ್ಲ?" ಎಂದು ಕೇಳಿದ. ಅವನು ಮತ್ತೆ ಸ್ಟೇರಿಂಗ್ ಮುಂದೆ ಕೂರುವುದಾದರೆ ಇಲ್ಲಿಂದಲೇ ಶುರುವಾಗಲಿ ಎಂದುಕೊಂಡೆ.

ಪದವಿ ಓದಿ ಮೂಡಲಗಿಯಲ್ಲಿ ಪಾಠ ಹೇಳುವವನು ನಾನು. ಸುಮ್ಮನೆ ಅಂಗಡಿಗೆ ಹೋಗಿ ಕೊಳ್ಳಲಾದೀತೇ? ಪರದೆಯ ಚಿತ್ರ ಬಿಡಿಸುವ ಈ ಕಾರ್ಡಿನ ಮೆಮೊರಿ ಎಷ್ಟಿರಬೇಕು, ಹಳೆಯ ಕಾರ್ಡಿನ ಅಗ್ಗದ ಯಂತ್ರ ಸಾಕೇ ಎಂದು ಪರೀಕ್ಷೆಗೆ ಕೂತವನಂತೆ ಓದಿದೆ. ಕೊನೆಗೆ ತಿಳಿದದ್ದು ಇಷ್ಟು: ಲ್ಯಾಪ್‌ಟಾಪಿಗೆ ಕಾರ್ಡನ್ನು ಆಮೇಲೆ ಹಾಕಿಸಲು ಬರುವುದಿಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಇಂಥ ಆಟಗಳಲ್ಲಿ ಕನ್ನಡಿಯೇ ದೊಡ್ಡ ಭಾರ. ಮುಂದಿನ ರಸ್ತೆಯ ಜೊತೆಗೆ, ದಾಟಿಬಂದ ರಸ್ತೆಯನ್ನೂ ಅದು ಇನ್ನೊಮ್ಮೆ ಬಿಡಿಸಬೇಕು. ಓದುತ್ತ ನನಗೆ ಆ ಕಾರ್ಡಿನ ಮೇಲೆ ಕನಿಕರವೇ ಬಂತು. ನನ್ನದೂ ಅದೇ ಪಾಡು.

ಕೆಲವು ವರ್ಷಗಳ ಹಿಂದೆ, ಸುಗ್ಗಿಯ ಒಂದು ಮಧ್ಯಾಹ್ನ, ಮಾಮಾನ ಪಕ್ಕ ಮಡ್‌ಗಾರ್ಡಿನ ಮೇಲೆ ಕೂತು ಹೊರಟಿದ್ದೆ. ಧುಪದಾಳ ದಾಟಿ ಹುಕ್ಕೇರಿ ಕಡೆಯ ಒಂದು ಏರು ಹತ್ತುತ್ತಿದ್ದೆವು. ನಮ್ಮ ಕಬ್ಬಿನ ಟ್ರ್ಯಾಕ್ಟರುಗಳ ಸ್ಪೀಕರಿನಲ್ಲಿ ಅಬ್ಬರಿಸುವ ಹಾಡು ನೀವು ಕೇಳಿರಬಹುದು. ಹಿಂದೆ ಗುಡ್ಡ ಕುಸಿದರೂ ಗೊತ್ತಾಗುವುದಿಲ್ಲ. ಕಿವಿಯ ಕೆಲಸವನ್ನೂ ಕನ್ನಡಿಯೇ ಮಾಡಬೇಕು. ತಿರುವಿನಲ್ಲಿ ಆ ಕನ್ನಡಿಯೊಳಗೆ ಹಿಂದಿನ ಟ್ರೇಲರ್ ಕಂಡಿತು. ಅದು ಸಣ್ಣದಾಗುತ್ತಿತ್ತು. ಹಾಗೆಂದರೇನೆಂದು ನನಗೆ ಕೂಡಲೇ ಹೊಳೆಯಲಿಲ್ಲ. ಕೊಂಡಿಯ ಪಿನ್ನು ಕಳಚಿ, ಅದು ಕಬ್ಬಿನ ಸಮೇತ ಇಳಿಜಾರಿನಲ್ಲಿ ಹಿಂದಕ್ಕೆ ಹೊರಟಿತ್ತು. ಅದರ ಹಿಂದೆ ಒಂದು ಸ್ಕೂಟರು: ಗಂಡ, ಹೆಂಡತಿ, ನಡುವೆ ಸಂತೆಯ ಚೀಲ.

"ಮಾಮಾ, ಹಿಂದ!" ಎಂದು ಕೂಗಿದೆ. ಹಾಡಿನಲ್ಲಿ ಅವನಿಗೆ ಕೇಳಿಸಲಿಲ್ಲ. ನನ್ನ ಮುಖ ನೋಡಿ, ಆಮೇಲೆ ಕನ್ನಡಿ ನೋಡಿದ.

ಟ್ರೇಲರ್ ಮಗುಚಿತು, ಸ್ಕೂಟರು ಕಬ್ಬಿನಡಿ ಹೋಯಿತು. ಆಚೆ ಬಿದ್ದಿದ್ದ ಹೆಂಗಸು ಎದ್ದು ಬಂದು, "ನಮ್ಮವರು ಎಲ್ಲ್ಯದಾರ್ರಿ?" ಎಂದು ನಮ್ಮನ್ನೇ ಕೇಳಿದಳು. ಗರಿ ಕೈ ಕೊಯ್ಯುತ್ತಿದ್ದರೂ ಹೊರೆ ಹೊರೆಯಾಗಿ ಕಬ್ಬು ಎಳೆದು ಹಾಕಿದೆವು. ಹಾಡು ನಿಲ್ಲಿಸಬೇಕೆಂದು ಯಾರಿಗೂ ತೋಚಲಿಲ್ಲ. ಗಂಡ ಬದುಕಿದ; ಒಂದು ಕಾಲು ಉಳಿಯಲಿಲ್ಲ.

ಅಂದಿನಿಂದ ಮಾಮಾ ಸ್ಟೇರಿಂಗ್ ಮುಟ್ಟಿಲ್ಲ. ನಾನು ಕನ್ನಡಿ ನೋಡಲಾರೆ. ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ, "ನಿದ್ದಿ ಹತ್ತಿತೇನ್ರಿ ಮಾಸ್ತರ?" ಎಂದು ನಗುತ್ತಾರೆ. ಹೌದೆನ್ನುತ್ತೇನೆ. ಬಸ್ಸಿನಲ್ಲಿ ಕೊನೆಯ ಸೀಟು ಹುಡುಕುವುದೂ ಡ್ರೈವರನ ಕನ್ನಡಿ ಕಾಣದಿರಲೆಂದೇ.

ಅಂಗಡಿಯವರು ಇನ್ನೊಂದು ಲ್ಯಾಪ್‌ಟಾಪ್ ತಂದರು. "ಇದರಾಗ ಸಣ್ಣ ಕಾರ್ಡ್ ಐತ್ರಿ. ನೆರಳು, ಹುಲ್ಲು ಕಮ್ಮಿ ಮಾಡೂಣು, ಕನ್ನಡಿ ಇಡೂಣು." ಫ್ಯಾನು ಗುಂಯ್‌ಗುಡತೊಡಗಿತು. ಕಪ್ಪು ಚೌಕದೊಳಗೆ ರಸ್ತೆ ಮೂಡಿತು. ನಾನು ಗೋಡೆಯ ಕಡೆ ನೋಡಿದೆ.

ಮಾಮಾ ಕೀಬೋರ್ಡಿನ ಮೇಲೆ ಬೆರಳಿಟ್ಟ. "ಎಲ್ಲಿ ನೋಡಾಕತ್ತೀಲೇ ಶಾಣ್ಯಾ? ನಾ ಮುಂದ ನೋಡತೇನಿ. ನೀ ಹಿಂದ ನೋಡು."

ಆ ದನಿಯನ್ನು ಕೇಳಿ ಬಹಳ ಕಾಲವಾಗಿತ್ತು. ನೋಡಿದೆ. ಟ್ರಕ್ಕು ಏರು ಹತ್ತುತ್ತಿತ್ತು, ಕನ್ನಡಿಯಲ್ಲಿ ಅದರ ಟ್ರೇಲರ್ ಇತ್ತು.

"ಬರಾಕತ್ತೈತಿ?"

"ಬರಾಕತ್ತೈತಿ, ಮಾಮಾ."

"ಮೊದಲಿನಷ್ಟ ದೊಡ್ಡದೈತಿ?"

"ಅಷ್ಟ ಐತಿ."

ಏರಿನ ತುದಿಯಲ್ಲಿ ಅವನು ಟ್ರಕ್ಕು ನಿಲ್ಲಿಸಿ ಅಂಗೈ ಒರೆಸಿಕೊಂಡ. "ಇದನ್ನ ಕಟ್ಟಲೇನ್ರಿ?" ಎಂದರು ಅಂಗಡಿಯವರು. ಟ್ರಕ್ಕು ನಿಂತಿದ್ದರೂ ಮಾಮಾನ ಬಲಗಾಲು ಟೇಬಲ್ಲಿನ ಕೆಳಗೆ, ಬ್ರೇಕು ತುಳಿದಂತೆ, ಬರಿ ನೆಲವನ್ನು ಒತ್ತಿ ಹಿಡಿದೇ ಇತ್ತು. ನಾನೇ ಹೂಂ ಎಂದೆ, ಕನ್ನಡಿಯಿಂದ ಕಣ್ಣು ತೆಗೆಯದೆ.