ಛತ್ರ ಯಾಕೆ ಬಿತ್ತು

ಆ ಛತ್ರ ಯಾಕೆ ಬಿತ್ತು ಎಂದು ಕೇಳಿದರೆ ಬಾಯಿಗೊಂದು ಕಾರಣ ಸಿಗುತ್ತದೆ. ನನಗೆ ಅವು ಯಾವುವೂ ಬೇಡ. ನಾನು ಕಣ್ಣಾರೆ ಕಂಡವಳು.

ಜಯನಗರದಲ್ಲಿ ಆಗ ಮನೆಗಳಿಗಿಂತ ಲಂಟಾನ ಪೊದೆಗಳೇ ಹೆಚ್ಚು. ಯಡಿಯೂರು ಕಡೆಯ ಜಮೀನು ಬಡಾವಣೆಗೆ ಹೋದಮೇಲೆ ಉಳಿದ ತುಂಡಿನಲ್ಲಿ ಅಕ್ಕನ ಮಾವ ಮದುವೆ ಛತ್ರ ಕಟ್ಟಿಸುತ್ತಿದ್ದರು. ಅಕ್ಕ ಆ ಮನೆ ಸೇರಿದ್ದು ಆ ಬೇಸಿಗೆಯಲ್ಲಷ್ಟೇ. ಸಿಮೆಂಟು ಸಿಗದೆ ತಾರಸಿ ಹಾಕುವುದು ತಡವಾಯಿತು, ಆಷಾಢ ಹತ್ತಿರ ಬಂತು. ಆಷಾಢದಲ್ಲಿ ಶುಭಕಾರ್ಯವಿಲ್ಲ, ಹೊಸ ಸೊಸೆ ಅತ್ತೆಮನೆಯಲ್ಲಿ ಇರುವಂತೆಯೂ ಇಲ್ಲ. ಮಾವನಿಗೋ, ಸೊಸೆಯೇ ಕಲಶ ಹಿಡಿದು ಮೊದಲು ಹೊಸಿಲು ದಾಟಬೇಕೆಂಬ ಹಟ. ನಮ್ಮ ಅಪ್ಪ ಪಂಚಾಂಗ ತಿರುವಿ ಜ್ಯೇಷ್ಠದ ಕೊನೆಯಲ್ಲೊಂದು ಮುಹೂರ್ತ ಹೆಕ್ಕಿಕೊಟ್ಟರು. ಹಸಿ ತಾರಸಿಯನ್ನು ಹೊತ್ತು ನಿಂತಿದ್ದ ಆಸರೆ ಮರಗಳನ್ನು ಮಾವ ಹಿಂದಿನ ದಿನವೇ ಕೀಳಿಸಿದರು. ಪಂಕ್ತಿ ಹಾಕಲು ಜಾಗ ಬೇಕಲ್ಲ!

ಬೆಳಿಗ್ಗೆ ಅಕ್ಕ ಬಲಗಾಲಿಟ್ಟು ಒಳಗೆ ಹೋದಳು. ನೆಂಟರ ಊಟವಾಯಿತು. ಕಟ್ಟಿದವರಿಗೆ ಕೊನೆಯ ಪಂಕ್ತಿ, ಅದೇ ಪದ್ಧತಿ. ಗಾರೆಯವರು, ಮಣ್ಣು ಹೊತ್ತ ಹೆಂಗಸರು ಎಲೆ ಮುಂದೆ ಕೂತರು. ಬಡಿಸುವವರು ಪಾಯಸ ತರಲು ಹೋಗಿದ್ದಾಗ ತಾರಸಿ ಬಿತ್ತು. ಹೊರಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮಗೆ ಏನೂ ಆಗಲಿಲ್ಲ. ಒಳಗಿದ್ದವರಲ್ಲಿ ಬದುಕಿ ಬಂದವರು ತೀರ ಕಡಿಮೆ.

ಸಂಜೆಯಿಂದಲೇ ಮಾತು ಶುರುವಾಯಿತು. ಇದು ಹಿಂದೆ ಕೆರೆಯ ಅಂಗಳ, ಮಣ್ಣು ಕುಸಿದಿದೆ ಎಂದರು ಇಂಜಿನಿಯರು. ಮಾರಮ್ಮನ ಕಲ್ಲು ಕದಲಿಸಿದ್ದಕ್ಕೆ ಎಂದರು ಊರಿನ ಹಿರಿಯರು. ಪಕ್ಕದ ರಸ್ತೆಗೆ ಬಂಡೆ ಸಿಡಿಸಿದ ಅದುರಿಗೆ ಬಿತ್ತು ಎಂದವರೂ ಇದ್ದರು. ಆಸರೆ ಮರದ ಮಾತು ಮಾತ್ರ ಯಾರೂ ಎತ್ತಲಿಲ್ಲ. ಎತ್ತಿದರೆ ಮುಹೂರ್ತದ ಮಾತೂ ಬರುತ್ತದಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರು ನೆಲವನ್ನೂ ಬಿಟ್ಟು ಅಕ್ಕನ ಕಾಲಿಗೆ ಬಂದರು.

"ಎಲ್ಲಾ ಸರೀಗೇ ಇತ್ತು. ಇವಳು ಕಾಲಿಟ್ಟಿದ್ದೇ ಇಟ್ಟಿದ್ದು, ಬಿತ್ತು. ಕಾಲ್ಗುಣ!" ಎಂದರು ಅಕ್ಕನ ಅತ್ತೆ. ಮಾವ ಅದಕ್ಕೆ ತಲೆಯಾಡಿಸಿದರು.

ಆಷಾಢಕ್ಕೆ ಅಕ್ಕ ತವರಿಗೆ ಬಂದಳು. ಶ್ರಾವಣ ಬಂತು, ಕರೆದೊಯ್ಯಲು ಯಾರೂ ಬರಲಿಲ್ಲ. ಮೊದಲ ದೀಪಾವಳಿಗೆ ಭಾವನೂ ಬರಲಿಲ್ಲ.

"ಅಪ್ಪ, ಮರ ತೆಗ್ಸಿದ್ದಕ್ಕೇ ಬಿತ್ತು ಅಂತ ನೀವಾದ್ರೂ ಹೋಗಿ ಹೇಳ್ಬಾರ್ದಾ?" ಎಂದು ಕೇಳಿದೆ.

"ನಾನೇ ಇಟ್ಟುಕೊಟ್ಟ ಮುಹೂರ್ತ ಕಣಮ್ಮ," ಎಂದರು ಅಪ್ಪ, ಅಷ್ಟೇ. ಆ ಸಿಟ್ಟಿಗೆ ಎಷ್ಟೋ ದಿನ ಅವರ ಜೊತೆ ಮಾತು ಬಿಟ್ಟೆ. ಅದರಿಂದ ಅಕ್ಕನಿಗೇನು ಬಂತು, ಮಣ್ಣು!

ಕೆಲವು ವರ್ಷ ಕಳೆದು ಅಪ್ಪ ಜಯನಗರದಲ್ಲೇ ಪುಟ್ಟ ಮನೆ ಕಟ್ಟಿಸಿದರು. ಗೃಹಪ್ರವೇಶದ ದಿನ ಅಕ್ಕ ಗೇಟಿನಾಚೆಯೇ ನಿಂತುಬಿಟ್ಟಳು. ನಾನು ಕೈ ಹಿಡಿದು ಎಳೆದೆ.

"ಬೇಡ ಕಣೇ. ಒಳಗೆ ನೀವೆಲ್ಲಾ ಇರ್ತೀರ. ನಂಗೆ ಭಯ."

ಅತ್ತೆಯ ಮಾತನ್ನು ಅವಳೇ ನಂಬಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅವರ ಒಂದು ಮಾತು ಸಾಕಿತ್ತು.

"ಬೇಗ ಬನ್ರಮ್ಮ, ಮುಹೂರ್ತ ಮೀರ್ತಿದೆ," ಎಂದು ಹೇಳಿ ಒಳಗೆ ಹೋದರು.